ಏರಿನಲ್ಲಿ ನಿಂತ ಪಿಕಪ್

ನನ್ನ ಗಂಡ ಮಂಜುನಾಥಪ್ಪ ಪೊಲೀಸ್ ಜೀಪಿನ ಡ್ರೈವರ್. ಹೆಸರಿಗೆ ಪೊಲೀಸ್ ಅಷ್ಟೇ, ಲಾಠಿ ಬೀಸಿದ್ದನ್ನು ನಾನಂತೂ ಕಂಡಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರ ಎಂದು ಎಲ್ಲಿಗೆ ಎತ್ತಿ ಹಾಕಿದರೂ ಕೆಲಸ ಒಂದೇ: ಸಾಹೇಬರನ್ನು ಕರೆದುಕೊಂಡು ಹೋಗುವುದು, ಅವರು ಬರುವವರೆಗೆ ಕಾಯುವುದು. ಮದುವೆ ಮನೆಯಲ್ಲಿ ಪಾಯಸ ಬಡಿಸುವ ಹೊತ್ತಿಗೇ ಫೋನ್ ಬರುತ್ತದೆ, ಎಲೆ ಬಿಟ್ಟು ಏಳುತ್ತಾರೆ. ಬಸ್ಸಿನಲ್ಲಿ ನನ್ನ ಪಕ್ಕ ಕೂತರೂ ತಿರುವು ಬಂದಾಗ ಇವರ ಕಾಲು ಬ್ರೇಕ್ ಒತ್ತುತ್ತದೆ. ಈ ಮನುಷ್ಯನ ಜೊತೆ ಬಾಳಿ ನನಗೂ ಸಾಕಾಗಿ ಹೋಗಿದೆ.

ಆ ದಿನ ಮಧ್ಯಾಹ್ನ ಮಂಡಗದ್ದೆ ಕಡೆಯಿಂದ ಪಾಸಿಲ್ಲದ ಮರಳು ತುಂಬಿಕೊಂಡು ಬರುತ್ತಿದ್ದ ಪಿಕಪ್ ಒಂದು ಇವರ ಜೀಪು ಕಂಡು ಓಡಿತು. ಇವರು ಬೆನ್ನು ಹತ್ತಿದರು. ಹೊಸನಗರದ ದಾರಿಯ ಏರಿನಲ್ಲಿ ಪಿಕಪ್ ಕೊನೆಗೂ ನಿಂತಿತು. ಭಾರ ಹೇರಿದ ಗಾಡಿ ಏರಿನಲ್ಲಿ ನಿಂತರೆ, ಹ್ಯಾಂಡ್‌ಬ್ರೇಕ್ ಹಿಡಿಯುವ ಮೊದಲು ಸ್ವಲ್ಪ ಹಿಂದಕ್ಕೆ ಜಾರುತ್ತದೆ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತು. ಅದಕ್ಕೇ ಹಿಂದಿನವರು ಜಾಗ ಬಿಟ್ಟು ನಿಲ್ಲುತ್ತಾರೆ, ಇಳಿದು ಗಾಲಿಗೆ ಕಲ್ಲು ಕೊಡುತ್ತಾರೆ. ಬಯಲುಸೀಮೆಯಿಂದ ಹೊಸದಾಗಿ ಬಂದಿದ್ದ ಸಬ್ ಇನ್‌ಸ್ಪೆಕ್ಟರ್ ಅಷ್ಟರಲ್ಲೇ ಜೀಪಿನಿಂದ ಹಾರಿ ಪಿಕಪ್ಪಿನ ಹಿಂದೆ ಹೋಗಿ ನಿಂತಿದ್ದರು. ಗಾಡಿ ಜಾರಿದ್ದೇ, ತಮ್ಮ ಮೇಲೇ ಬರುತ್ತಿದೆ ಎಂದುಕೊಂಡು ಪಿಸ್ತೂಲು ತೆಗೆದರು. "ಜಾರ್ತಾ ಇದೆ ಸಾರ್, ಪಕ್ಕಕ್ಕೆ ಬನ್ನಿ" ಎಂದು ಇವರು ಕೂಗುವಷ್ಟರಲ್ಲಿ ಗುಂಡು ಹಿಂದಿನ ಗಾಜು ಒಡೆದು ಒಳಗೆ ಹೋಗಿತ್ತು. ಇವರೇ ಓಡಿಹೋಗಿ ಬಾಗಿಲು ತೆಗೆದರು. ಲಿಖಿತ್ ಎಂಬ ಹುಡುಗ, ಇಪ್ಪತ್ತು ದಾಟಿತ್ತಷ್ಟೇ. ಸತ್ತವನ ಕೈ ಇನ್ನೂ ಎಳೆದ ಹ್ಯಾಂಡ್‌ಬ್ರೇಕಿನ ಮೇಲೇ ಇತ್ತಂತೆ.

ಗಾಡಿ ಹತ್ತಿಸಿ ಕೊಲ್ಲಲು ಬಂದ, ಅದಕ್ಕೇ ಗುಂಡು ಹೊಡೆದರು ಎಂಬ ಮಾತು ಮರುದಿನವೇ ಊರೆಲ್ಲ ಹಬ್ಬಿತು. ಸಾಗರದಲ್ಲಿ ವಿಚಾರಣೆ ನಿಗದಿಯಾಯಿತು. ಅದರ ಹಿಂದಿನ ಸಂಜೆ ಆ ಸಬ್ ಇನ್‌ಸ್ಪೆಕ್ಟರ್ ನಮ್ಮ ಕ್ವಾರ್ಟರ್ಸಿಗೆ ಬಂದು ಕೂತರು. ಎಳೆ ಮುಖ, ಬಾಡಿ ಹೋಗಿತ್ತು. ಕೊಟ್ಟ ಕಾಫಿ ಮುಟ್ಟಲಿಲ್ಲ.

"ಗಾಡಿ ನನ್ನ ಮೇಲೆ ನುಗ್ತು ಅಂತ ಹೇಳಿ ಮಂಜುನಾಥಪ್ಪ. ನಿಮಗೆ ಕೈ ಮುಗೀತೀನಿ" ಎಂದರು.

ಇವರು ಹೂಂ ಅನ್ನದೇ ಕಳಿಸಿದ್ದಕ್ಕೆ, ಅವರು ಹೋದ ಮೇಲೆ ನಾನು ರೇಗಿದೆ. "ಇಷ್ಟು ವರ್ಷ ಬಾಯಿ ಮುಚ್ಕೊಂಡು ಬದುಕಿದೀರಿ. ಈಗ ಎಂತ ಉದ್ಧಾರ ಮಾಡಕ್ಕೆ ಹೊರಟಿದೀರಿ? ಸತ್ತವನು ಎದ್ದು ಬರ್ತಾನಾ? ನಿಮ್ಮವರೇ ನಿಮ್ಮನ್ನ ಸುಮ್ನೆ ಬಿಡ್ತಾರಾ?"

"ಸುಸ್ತಾಗಿದೆ ಮಾರಾಯ್ತಿ" ಎಂದರು. "ಹೇಳಕ್ಕೂ ಸುಸ್ತು, ಮುಚ್ಚಿಡಕ್ಕೂ ಸುಸ್ತು." ಊಟ ಮಾಡದೆ ಮಲಗಿದರು.

ಬೆಳಿಗ್ಗೆ ನಾನೂ ಹೊರಟೆ, ದಾರಿಯುದ್ದಕ್ಕೂ ಬುದ್ಧಿ ಹೇಳಬಹುದೆಂದು. ಹೇಳಿದೆ ಕೂಡ. ಸಾಗರದ ಕಚೇರಿಯ ಅಂಗಳದಲ್ಲಿ ಲಿಖಿತನ ತಾಯಿ ಗುತ್ಯಮ್ಮ ಕೂತಿದ್ದಳು. ಇವರ ಖಾಕಿ ಕಂಡು ಎದ್ದು ಬಂದಳು. ಶಾಪ ಹಾಕುತ್ತಾಳೆ ಎಂದು ನಾನು ಜಗಳಕ್ಕೆ ಸಿದ್ಧಳಾಗಿಯೇ ನಿಂತೆ.

"ಅಣ್ಣಾ, ಆವತ್ತು ಜೀಪು ಓಡಿಸ್ತಿದ್ದೋರು ನೀವೇ ಅಲ್ದಾ? ನನ್ ಮಗ ಮರಳು ಹೊಡೆದ, ಹೌದು. ಹೆದ್ರಿ ಓಡ್ದ, ಅದೂ ಹೌದು. ಕೊಲ್ಲಕ್ಕೆ ಬಂದಿದ್ನಾ? ಕೋಳಿ ಕೊಯ್ಯಕ್ಕೂ ಹೆದ್ರೋನು ಅವ."

ಇವರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. "ಇಲ್ಲ ಕಣವ್ವ. ನಿಲ್ಸಿದ್ದ. ಬ್ರೇಕು ಎಳ್ದಿದ್ದ."

"ಒಳಗೂ ಹಂಗೇ ಹೇಳ್ತೀರಾ?"

ಇವರು ನನ್ನ ಮುಖ ನೋಡಿದರು.

"ಹೇಳ್ತಾರೆ ಗುತ್ಯಮ್ಮ" ಎಂದೆ ನಾನೇ.