ಗುಡಗೇರಿಯಲ್ಲಿ ಗ್ರೀಕ್ ಓದುವ ಮುಸರತ್

ಬೆಳಗಿನ ಮೊದಲ ರೈಲು ಗುಡಗೇರಿ ಬಿಡುವ ಹೊತ್ತಿಗೆ ಮುಸರತ್ ನದಾಫ್ ಅವರು ರೂತಬಾಯಿಯ ಮೈ ಒರೆಸಿ, ತಲೆ ಬಾಚಿ, ಚಹಾ ಕುಡಿಸಿ ಮುಗಿಸಿರುತ್ತಾರೆ. ಆಮೇಲೆ ಕೈ ತೊಳೆದು, ಸೆರಗು ತಲೆಯ ಮೇಲೆ ಎಳೆದುಕೊಂಡು, ದಪ್ಪ ಪುಸ್ತಕ ತೊಡೆಯ ಮೇಲಿಟ್ಟು ಕೂರುತ್ತಾರೆ. ಸಾಲಿನ ಕೆಳಗೆ ಬೆರಳು ಸರಿಯುತ್ತದೆ, ಮೈ ಹಿಂದೆ ಮುಂದೆ ತೂಗುತ್ತದೆ. ಒಂದು ಅಕ್ಷರದ ಹತ್ತಿರ ಬೆರಳು ನಿಲ್ಲುತ್ತದೆ.

“ಟೀಚರ್, ಇದ್ಯಾವುದ್ರಿ? ಮರ್ತೆ.”

“ಹೆಂಗದ ನೋಡಿ ಹೇಳು.”

“ಗುಂಡಿಗೆ ಸೂಜಿ ಚುಚ್ಚಿದಂಗ ಐತ್ರಿ.”

“ಅದು ಫಿ. ನಿನ್ನೆ ಇದಕ್ಕ ಸೌಟು ಅಂದಿದ್ದಿ, ಹುಚ್ಚಿ!”

“ನಿನ್ನೆ ಹಸಿವಾಗಿತ್ರಿ.”

ಅದು ಗ್ರೀಕ್, ಬೈಬಲ್ಲಿನ ಹೊಸ ಒಡಂಬಡಿಕೆಯನ್ನು ಮೊದಲು ಬರೆದ ಭಾಷೆ. ರೂತಬಾಯಿ ಗಣಿತ ಕಲಿಸಿ ನಿವೃತ್ತರಾದವರು. ಪಾದ್ರಿಯಾಗಿದ್ದ ತಂದೆಯಿಂದ ಕಲಿತ ಗ್ರೀಕನ್ನು ದಿನಾ ಬೆಳಿಗ್ಗೆ ಓದುತ್ತಿದ್ದರು. ಕಣ್ಣಿನ ನರ ಸೋತು ಎಲ್ಲ ಕತ್ತಲಾದಾಗ ಪುಸ್ತಕದ ಜೊತೆ ಊಟವನ್ನೂ ಮಾತನ್ನೂ ಬಿಟ್ಟರು. ನೌಕರಿಗೆ ಹೋಗುವ ಸೊಸೆ ಸುನಿತಾ, ಅತ್ತೆಯನ್ನು ನೋಡಿಕೊಳ್ಳಲು ಗೊತ್ತು ಮಾಡಿದ್ದು ಏಳನೆಯ ತರಗತಿಗೇ ಶಾಲೆ ಬಿಟ್ಟಿದ್ದ ಮುಸರತ್ ಅವರನ್ನು.

“ಗಂಜಿ ತಂದ್ರ ಗ್ವಾಡಿ ಕಡಿ ತಿರಗತಿದ್ರು,” ಎನ್ನುತ್ತಾರೆ ಮುಸರತ್. “ಸಣ್ಣಾಕಿದ್ದಾಗ ನಾ ಉಸ್ತಾದರ ಮುಂದ ಅರಬ್ಬಿ ಓದೀನ್ರಿ. ಅರ್ಥ ಗೊತ್ತಿರಲಿಲ್ಲ, ಆದ್ರ ಓದಾಕ ಬರ್ತಿತ್ತು. ಇದನ್ನೂ ಹಂಗ ಓದೂಣು ಅಂದೆ. ದೇವರ ಪುಸ್ತಕ ಅಂದ್ರ ಬಲಗಡಿಯಿಂದನ ಇರತೈತಿ ಅಂತ ತಿಳದು, ಮೊದಲನೇ ದಿನ ಆ ತುದಿಯಿಂದ ಒಂದೊಂದ ಅಕ್ಷರ ಹೆಂಗೈತಿ ಅಂತ ಹೇಳಾಕ ಚಾಲೂ ಮಾಡೀದೆ. ಟೀಚರ್ ಅಗದಿ ಹೊಟ್ಟಿ ಹಿಡಕೊಂಡು ನಕ್ರು. ಅವರು ನಕ್ಕಿದ್ದು ಅವತ್ತ ನೋಡೀದೆ.”

ಸುದ್ದಿ ಹಬ್ಬಿತು. ಮುಸರತ್ ಮನೆಯ ಮುಂದೆ ಓಣಿಯ ಹಿರಿಯರು ಬಂದು ನಿಂತು, ಆ ಓದು ಬಿಡಬೇಕು ಎಂದರು. ಅತ್ತ ರೂತಬಾಯಿಯ ಮನೆಗೆ ಪ್ರಾರ್ಥನೆಯ ಬಳಗದವರು ಬಂದು, “ನಮ್ಮ ಪುಸ್ತಕ ಆಕಿ ಯಾಕ ಓದಬೇಕು?” ಎಂದು, ಅದೇ ಪುಸ್ತಕದ ಓದನ್ನು ಧ್ವನಿಮುದ್ರಿಸಿದ ಮೊಬೈಲೊಂದನ್ನು ಇಟ್ಟು ಹೋದರು. ಹೇಲುಚ್ಚೆ ಬಳಿಯಲು ಇವರಿಗೆ ಯಾರ ಕೈಯಾದರೂ ನಡೆಯುತ್ತದೆ. ಅದೇ ಕೈ ಪುಸ್ತಕ ಹಿಡಿದರೆ ಮಾತ್ರ ಧರ್ಮ ನೆನಪಾಗುತ್ತದೆ!

ಮುಸರತ್ ಕೆಲಸ ಬಿಟ್ಟು ಮನೆಯಲ್ಲಿ ಕುಳಿತರು. ಮೊಬೈಲ್ ಒಂದು ಸಾಲೂ ತಪ್ಪದೆ ಓದಿತು. ರೂತಬಾಯಿ ಮತ್ತೆ ಗೋಡೆಗೆ ತಿರುಗಿ ಮಲಗಿದರು, ಗಂಜಿಯೂ ಬೇಡವೆಂದರು. ಕೊನೆಗೆ ಸುನಿತಾ ಕರೆಯಲು ಬಂದಾಗ ಮುಸರತ್ ಬಾಯಿ ತೆರೆಯುವ ಮೊದಲೇ ಎದ್ದು ನಿಂತದ್ದು ಅವರ ಅತ್ತೆ ಹಲೀಮಾಬಿ. ಈ ಓದಿಗೆ ಎಲ್ಲರಿಗಿಂತ ಮೊದಲು ಬೈದವರೂ ಅವರೇ.

“ಏಳ ಬೇ, ಹೋಗು. ಆ ಮುದಕಿ ಉಪಾಸ ಸತ್ರ ನಿನ್ನ ಕುತಗಿಗೆ ಬರತೈತಿ. ಮ್ಯಾಲಿನವ ಕೇಳಿದ್ರ ನಾ ಜವಾಬ ಕೊಡ್ತೀನಿ. ಓಣ್ಯಾನವ್ರು ಕೇಳಿದ್ರ ಅವ್ರಿಗೂ ಕೊಡ್ತೀನಿ!”

ಓಣಿಯವರು ಇದುವರೆಗೂ ಹಲೀಮಾಬಿಯನ್ನು ಏನೂ ಕೇಳಿಲ್ಲ.

ಈಗ ದಿನಕ್ಕೊಂದು ಪುಟ ಸಾಗುತ್ತದೆ. ರೂತಬಾಯಿ ರೊಟ್ಟಿ ತಿನ್ನುತ್ತಾರೆ, “ಅಕ್ಷರ ನುಂಗಬ್ಯಾಡ” ಎಂದು ಗದರುತ್ತಾರೆ. ಇನ್ನೇನು ಬೇಕು ಎಂದು ಕೇಳಿದರೆ ಮುಸರತ್ ಪುಸ್ತಕಕ್ಕೆ ಬಟ್ಟೆ ಸುತ್ತುತ್ತ ಹೇಳುತ್ತಾರೆ:

“ಓದಾಕ ಬಂತ್ರಿ, ಇನ್ನ ಅರ್ಥ ಕಲೀಬೇಕು. ಒಂದೊಂದ ಕಡೆ ಬಂದಾಗ ಟೀಚರ್ ಕಣ್ಣಾಗ ನೀರ ಬರ್ತಾವ. ಯಾಕ್ರಿ ಅಂದ್ರ, ‘ಮುಂದ ಓದು’ ಅಂತಾರ. ಅವರನ್ನ ಅಳಸಾಕಿ ನಾನ ಅಲ್ಲೇನ್ರಿ? ಏನ ಓದೀನಿ ಅನ್ನೂದು ನನಗ ಗೊತ್ತಿರಬೇಕು.”