ಸಿಡುಬಿನ ವರ್ಷದ ಪ್ರಾರ್ಥನೆ

ಆ ಬೇಸಿಗೆಯಲ್ಲಿ ಕುಂಬಾರಕೊಪ್ಪಲಿಗೆ ಸಿಡುಬು ಬಂದಾಗ ನಮ್ಮ ಬೀದಿಯಲ್ಲಿ ಮೊದಲು ಮಲಗಿದವಳು ನಾನು. ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿತ್ತು, ನನಗೆ ಹದಿನಾರು. ಅರಮನೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ ಅಪ್ಪ ತೀರಿಹೋಗಿದ್ದರು. ಉಳಿದವರು ಅಮ್ಮ, ನಾನು, ಆರು ವರ್ಷದ ತಂಗಿ. ಅಮ್ಮನಿಗೆ ಮಿಷನ್ನಿನ ಕೆಲಸ. ಮನೆಮನೆಗೆ ಹೋಗಿ ಹೆಂಗಸರಿಗೆ ಬೈಬಲ್ ಓದಿ ಹೇಳುವುದು, ಕಾಯಿಲೆಯವರಿದ್ದರೆ ಪಕ್ಕದಲ್ಲಿ ಕೂತು ಪ್ರಾರ್ಥಿಸುವುದು. ಅಮ್ಮನ ಪ್ರಾರ್ಥನೆಗೆ ಜನರಲ್ಲಿ ಒಂದು ಹೆಸರಿತ್ತು.

ನನಗೆ ಕೂಸಾಗಿದ್ದಾಗಲೇ ಸಿಡುಬು ಬಾರದಂತೆ ದಾಕು ಚುಚ್ಚಿಸಿದ್ದರು; ಅದರ ಬಲ ಅಷ್ಟು ವರ್ಷಕ್ಕೆ ಇಳಿದಿತ್ತೇನೋ, ಜೀವ ಮಾತ್ರ ಉಳಿಸಿತು. ತಂಗಿಗೆ ಹಾಕಿಸಿರಲಿಲ್ಲ. ಮುನಿಸಿಪಾಲಿಟಿಯವನು ಬಾಗಿಲಿಗೆ ಬಂದ ದಿನ ಅವಳ ಮೈ ಬೆಚ್ಚಗಿತ್ತೆಂದು ಅಮ್ಮ, "ಮುಂದಿನ ಸಲ ಹಾಕ್ಸ್ತೀನಪ್ಪ" ಎಂದು ಕಳಿಸಿಬಿಟ್ಟಿದ್ದಳು.

ನನ್ನ ಬೊಬ್ಬೆಗಳು ಒಣಗುವ ಹೊತ್ತಿಗೆ ತಂಗಿ ಮಲಗಿದಳು. ಪಕ್ಕದ ಕುಂಬಾರರ ಅಜ್ಜಿಯೊಬ್ಬಳನ್ನು ಬಿಟ್ಟು ಯಾರೂ ನಮ್ಮ ಹೊಸಿಲು ತುಳಿಯಲಿಲ್ಲ. ಅಜ್ಜಿ ಮಡಿಲ ತುಂಬ ಬೇವಿನ ಸೊಪ್ಪು ತಂದು, "ಅಮ್ಮ ಬಂದವ್ಳೆ ಕಣವ್ವ. ಇದ್ರ ಮ್ಯಾಲೆ ಮಲಗ್ಸು, ಮಗೀಗೆ ತಂಪಾಯ್ತದೆ" ಅಂದಳು. ಅಜ್ಜಿ ಹೇಳಿದ ಅಮ್ಮ ಸಿಡುಬಿನ ದೇವಿಯೆಂದು ನಮ್ಮಮ್ಮನಿಗೆ ಗೊತ್ತಿತ್ತು. ಆದರೂ ಸೊಪ್ಪು ಹಾಸಿ ತಂಗಿಯನ್ನು ಮಲಗಿಸಿ, ಪಕ್ಕದಲ್ಲಿ ಮಂಡಿಯೂರಿ ಯೇಸುಸ್ವಾಮಿಯನ್ನು ಬೇಡಿಕೊಂಡಳು. ಅಷ್ಟು ಹೊತ್ತು ಯಾರಾದರೂ ಮಂಡಿಯ ಮೇಲೆ ಇರಬಲ್ಲರೆಂದು ನಾನು ಎಣಿಸಿರಲಿಲ್ಲ.

ರೆಪ್ಪೆಗಳು ಅಂಟಿಹೋಗಿದ್ದ ತಂಗಿ ಒಂದು ಬೆಳಿಗ್ಗೆ, "ಇನ್ನೊಂದ್ಸಲ ಹೇಳಮ್ಮ. ಸ್ವಾಮಿಗೆ ಕೇಳಿಸ್ಲಿಲ್ಲ ಅನ್ಸುತ್ತೆ" ಅಂದಳು. ಅಮ್ಮ ಇನ್ನೊಮ್ಮೆ ಹೇಳಿದಳು, ಜೋರಾಗಿ, ಮಗುವಿಗೆ ಕೇಳಿಸುವ ಹಾಗೆ. ಮಾರನೆಯ ದಿನ ತಂಗಿ ಹೋಗಿಬಿಟ್ಟಳು.

ಹೆಗಲು ಕೊಡಲು ಜನ ಹೆದರಿದರು. ಸಭಾಪಾಲಕರೂ ಚರ್ಚಿನ ಗಂಟೆ ಹೊಡೆಯುವವನೂ ಬಂದು ಆ ಚಿಕ್ಕ ಪೆಟ್ಟಿಗೆಯನ್ನು ಎತ್ತಿಕೊಂಡರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಬಲಗಣ್ಣಿನಲ್ಲಿ ಮಾತ್ರ, ಎಡಗಣ್ಣನ್ನು ಸಿಡುಬು ತೆಗೆದುಕೊಂಡಿತ್ತು.

ಆಮೇಲೆ ಅಮ್ಮ ಕೆಲಸಕ್ಕೆ ಹೋಗಲಿಲ್ಲ. ಸಂಜೆಯ ಪ್ರಾರ್ಥನೆಯೂ ನಿಂತಿತು. ಇಬ್ಬರೂ ಗೋಡೆಗೊರಗಿ ಸುಮ್ಮನೆ ಕೂರುತ್ತಿದ್ದೆವು.

"ಬಾಗಿಲಿಗೆ ಬಂದಿದ್ನಲ್ಲೇ ಅವನು, ದಾಕು ಹಾಕೋನು," ಅಂದಳು ಒಂದು ದಿನ. "ನಾನೇ ಕಳಿಸ್ಬುಟ್ಟೆ. ಆಮೇಲೆ ದೇವರನ್ನ ಕೇಳೋಕೆ ನಂಗೆ ಯಾವ ಮುಖ ಇತ್ತು?"

"ಅವ್ಳಿಗೆ ಬಂದಿದ್ದು ನನ್ನಿಂದ ತಾನೆ?" ಅಂದೆ ನಾನು.

ಅಲ್ಲ ಎಂದು ಅವಳು ನನಗೆ ಹೇಳಲಿಲ್ಲ, ನಾನೂ ಅವಳಿಗೆ ಹೇಳಲಿಲ್ಲ. ಅದನ್ನು ಹೇಳುವಷ್ಟು ಬಲ ನಮ್ಮಿಬ್ಬರಲ್ಲಿ ಯಾರಿಗೂ ಇರಲಿಲ್ಲ.

ಮಳೆಗಾಲ ಹಿಡಿದ ಮೇಲೆ, ಅಮ್ಮ ಮೊದಲು ಹೋಗುತ್ತಿದ್ದ ಮನೆಯೊಂದರಿಂದ ಹೇಳಿಕಳಿಸಿದರು. ಸೊಸೆಯ ಮಗುವಿಗೆ ಸಿಡುಬು, ಬಂದು ಪ್ರಾರ್ಥಿಸಬೇಕಂತೆ. ಅಮ್ಮ ಎದ್ದು ಸೀರೆ ಬದಲಿಸಿ, "ನೀನೂ ಬಾ. ನಂಗೊಬ್ಳಿಗೇ ಆಗಲ್ಲ" ಅಂದಳು. ಕಾಯಿಲೆಯ ಮೇಲೆ ನಾನು ಹೊರಗೆ ಮುಖ ತೋರಿಸಿರಲಿಲ್ಲ. ಸೆರಗನ್ನು ಎಡಗೆನ್ನೆಯವರೆಗೆ ಎಳೆದುಕೊಂಡು ಹಿಂದೆ ಹೋದೆ.

ಆ ಮನೆಯ ಅತ್ತೆ ಬಾಗಿಲಲ್ಲೇ ತಡೆದಳು. ಕರೆಸಿದ್ದು ಸೊಸೆ, ಅತ್ತೆಗೆ ಇಷ್ಟವಿರಲಿಲ್ಲ.

"ನಿಮ್ಮ ಮಗೀನೇ ಉಳಿಸ್ಲಿಲ್ಲ ನಿಮ್ಮ ದೇವ್ರು. ನಮ್ಮ ಮಗೀಗೆ ಏನ್ಮಾಡ್ತಾನೆ?"

ಅಮ್ಮ ತಲೆ ತಗ್ಗಿಸಲಿಲ್ಲ. "ನಿಜ ಕಣಮ್ಮ. ಕೇಳ್ದೆ, ಕೊಡ್ಲಿಲ್ಲ. ಯಾಕೆ ಅಂತ ನಂಗೂ ಗೊತ್ತಿಲ್ಲ."

"ಮತ್ಯಾಕ್ ಬಂದ್ರಿ?"

"ಕರೆದ್ರಿ, ಬಂದೆ. ಕೇಳೋಕೆ ನಂಗೆ ಬೇರೆ ಯಾರೂ ಇಲ್ಲ. ಮನೇಲಿರೋ ಮಿಕ್ಕ ಮಕ್ಳಿಗೆ ಮೊದ್ಲು ದಾಕು ಹಾಕ್ಸಿ. ನಾನು ಹಾಕ್ಸದೆ ಕೆಟ್ಟೆ."

ಅತ್ತೆ ಅಮ್ಮನನ್ನು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಬಾಗಿಲಿಂದ ಸರಿದು ನಿಂತಳು.

ಒಳಗೆ ಅಮ್ಮನ ಪ್ರಾರ್ಥನೆ ಹಿಂದಿನಂತೆ ಹರಿಯಲಿಲ್ಲ. ತಡೆತಡೆದು ಬಂತು. ನಡುವೆ ತಂಗಿಯ ಹೆಸರು ಬಾಯಿಗೆ ಬಂದುಬಿಟ್ಟಿತು. ತಿದ್ದಿಕೊಂಡು ಮುಗಿಸಿದಳು.

ಆ ಮಗು ಉಳಿಯಿತು. ಸುದ್ದಿ ಬಂದ ದಿನ ಅಮ್ಮ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತಳು. ಹೊರಗೆ ಬಂದಾಗ, ಸಂತೋಷಕ್ಕೆ ಅತ್ತದ್ದಾ ಎಂದು ಕೇಳಿದೆ.

"ಗೊತ್ತಿಲ್ಲ ಕಣೆ. ಅವ್ರಿಗೆ ಕೊಟ್ಟ, ನಂಗೆ ಕೊಡ್ಲಿಲ್ಲ. ಹೊಟ್ಟೆ ಉರೀತು. ಅದನ್ನೂ ಅವನ ಹತ್ರಾನೇ ಹೇಳ್ದೆ."

ದೇವರ ಹತ್ತಿರ ಹೀಗೂ ಮಾತಾಡಬಹುದೆಂದು ನನಗೆ ಆವರೆಗೆ ಗೊತ್ತಿರಲಿಲ್ಲ. ನಮಗೆ ಕಲಿಸಿದ್ದು ಸ್ತೋತ್ರ ಮಾತ್ರ. ಅಂದು ಸಂಜೆ ದೀಪ ಹಚ್ಚಿದ ಮೇಲೆ, ತಿಂಗಳುಗಳ ನಂತರ ನಾನು ಪ್ರಾರ್ಥನೆಗೆ ಬಾಯಿಬಿಟ್ಟೆ. ನನ್ನನ್ನು ಯಾಕೆ ಉಳಿಸಿಕೊಂಡೆ, ಈ ಮುಖ ಇಟ್ಟುಕೊಂಡು ಯಾರಿಗೆ ಬೇಕಾದವಳಾಗಲಿ, ತಂಗಿಗಾಗಿ ಅಮ್ಮ ಕರೆದದ್ದು ನಿನಗೆ ಕೇಳಿಸಿತೋ ಇಲ್ಲವೋ ಅಷ್ಟಾದರೂ ಹೇಳು ಎಂದೆಲ್ಲ ಕೇಳಿದೆ. ನಾನು ನಿಲ್ಲಿಸಿದಾಗ ಅಮ್ಮ ಗೋಡೆಯ ಕಡೆಯಿಂದ ಮೆಲ್ಲಗೆ "ಆಮೆನ್" ಅಂದಳು. ಆಮೇಲೆ ಇಬ್ಬರೂ ಊಟಕ್ಕೆ ಕೂತೆವು.