ಸ್ಕ್ಯಾನರಿಗೆ ಹಚ್ಚಿದ ವಿಭೂತಿ

ನನ್ನ ತಂಗಿ ನನಗೆ ಒಂಬತ್ತು ಕೆಲಸ ಹೇಳಿದ್ದಳು. ಎಂಟು ಮಾಡಿದೆ. ಒಂಬತ್ತನೆಯದನ್ನು ಮಾಡದೆಯೇ ಮಾಡಿದ್ದೇನೆ ಎಂದೆ. ಅದರ ಪೆಟ್ಟು ಆಕೆಗೆ ಬಿದ್ದಾಗ ಬಾಯಿ ಮುಚ್ಚಿಕೊಂಡು ನಿಂತೆ.

ಆಂಧ್ರದ ಗಡಿಯೂರು ಆದೋನಿಯಲ್ಲಿ ನಮ್ಮದು ಸೀರೆ ಅಂಗಡಿ. ಹತ್ತಿ ಮಾರಿದ ಹಳ್ಳಿಯವರು ದೀಪಾವಳಿಗೆ ಬಟ್ಟೆ ಕೊಳ್ಳಲು ಬಂದರೆ ನಮ್ಮ ಬಾಗಿಲಲ್ಲಿ ಚಪ್ಪಲಿ ಬಿಡಲೂ ಜಾಗವಿರುವುದಿಲ್ಲ. ನಾನು ಏಳನೇ ಕ್ಲಾಸಿಗೆ ಕನ್ನಡ ಶಾಲೆ ಬಿಟ್ಟು ಅಪ್ಪನ ಗಾದಿಯ ಪಕ್ಕ ಕುಳಿತವನು. ತಂಗಿ ಡಿಗ್ರಿ ಮುಗಿಸಿದಳು, ಕಂಪ್ಯೂಟರ್ ಕಲಿತಳು, ಅಂಗಡಿಗೂ ಒಂದು ತರೋಣ ಎಂದು ಅಪ್ಪನನ್ನು ವರ್ಷವಿಡೀ ಕಾಡಿದಳು. ಕೊನೆಗೆ ಅಪ್ಪ ಒಂದು ಷರತ್ತು ಹಾಕಿ ಒಪ್ಪಿದರು.

"ಈ ದೀಪಾವಳಿ ನೋಡೋಣು. ನಡೀತಂದ್ರ ಕಂಪ್ಯೂಟ್ರ ಮುಂದಿನ ಕುರ್ಚಿ ನಿಂದು. ನಡೀಲಿಲ್ಲಂದ್ರ ಮತ್ತ ಆ ಮಾತು ಎತ್ತಬಾರ್ದು."

ಆಕೆ ಎರಡು ತಿಂಗಳು ದುಡಿದಳು. ಒಂದೊಂದು ಸೀರೆಗೂ ಬಾರ್‌ಕೋಡ್ ಗೆರೆಗಳ ಚೀಟಿ ಅಂಟಿಸಿದಳು. ಕರೆಂಟು ಹೋದರೆ ಇರಲಿ ಎಂದು ಬ್ಯಾಟರಿ, ಇಂಟರ್ನೆಟ್ ನಿಂತರೆ ಇರಲಿ ಎಂದು ಇನ್ನೊಂದು ಸಿಮ್, ಕಂಪ್ಯೂಟರ್ ಕೆಟ್ಟರೆ ಇರಲಿ ಎಂದು ಎಲ್ಲ ಮಾಹಿತಿಗೆ ಇನ್ನೊಂದು ನಕಲು. ಎಲ್ಲ ಕೇಡಿಗೂ ಆಕೆಯ ಬಳಿ ಉಪಾಯವಿತ್ತು. ಅಣ್ಣನೊಬ್ಬನಿಗೆ ಮಾತ್ರ ಇರಲಿಲ್ಲ.

ಆಯುಧಪೂಜೆಯ ದಿನ ಅಂಗಡಿಯ ಕತ್ತರಿ, ಗಜಕಡ್ಡಿಗಳ ಜೊತೆ ಕಂಪ್ಯೂಟರನ್ನೂ ಇಟ್ಟು ಪೂಜೆ ಮಾಡಿದೆ. ತೆರೆಗೆ ವಿಭೂತಿ, ಪ್ರಿಂಟರಿಗೆ ವಿಭೂತಿ. ಚೀಟಿ ಓದುವ ಸ್ಕ್ಯಾನರಿಗೆ ಹಣೆ ಎಲ್ಲಿದೆಯೆಂದು ಹುಡುಕಿದೆ. ಮುಂದೆ ಗಾಜೊಂದು ಕಂಡಿತು. ಮೂರು ಬೆರಳಿನಿಂದ ಅಡ್ಡಕ್ಕೆ ದಪ್ಪಗೆ ಎಳೆದೆ. ಎಂಥ ಲಕ್ಷಣವಾಗಿ ಕಂಡಿತೆಂದರೆ ನಾನೇ ಕೈಮುಗಿದೆ.

ಮರುದಿನ ತಂಗಿ ಸೀರೆ ಡಬ್ಬಿಯ ರಟ್ಟಿನ ಮೇಲೆ, ನನಗಾಗಿ ದುಂಡನೆಯ ಕನ್ನಡ ಅಕ್ಷರದಲ್ಲಿ, ಆ ಒಂಬತ್ತು ಕೆಲಸ ಬರೆದುಕೊಟ್ಟಳು. ಕೊನೆಯದು: ಸ್ಕ್ಯಾನರಿನ ಗಾಜು ಒರೆಸು. ನಮ್ಮಲ್ಲಿ ಪೂಜೆಯ ವಿಭೂತಿಯನ್ನು ಯಾರೂ ಒರೆಸುವುದಿಲ್ಲ, ತಾನಾಗಿ ಉದುರಬೇಕು. ಆ ನೆಪ ನನ್ನ ಸೋಮಾರಿತನಕ್ಕೆ ಚೆನ್ನಾಗಿ ಒಪ್ಪಿತು.

ದೀಪಾವಳಿ ಮಾರಾಟದ ಮೊದಲ ಬೆಳಿಗ್ಗೆ ಸ್ಕ್ಯಾನರ್ ಹಿಡಿದು ನಿಂತವನು ನಾನೇ. ಸೀರೆಯ ಚೀಟಿಗೆ ಒತ್ತಿದೆ. ಸದ್ದಿಲ್ಲ. ಇನ್ನೊಂದಕ್ಕೆ ಒತ್ತಿದೆ. ಅದಕ್ಕೂ ಇಲ್ಲ. ಸಾಲು ಬಾಗಿಲು ದಾಟಿತು.

ಆಸ್ಪರಿ ಕಡೆಯ ಮುದುಕ ಇನ್ನೂ ಎಷ್ಟು ಹೊತ್ತೆಂದು ತೆಲುಗಿನಲ್ಲಿ ಗೊಣಗಿದ, "ಇಂಕಾ ಎಂತ ಸೇಪಪ್ಪಾ?"

ಹಾಲಹರವಿಯ ಹೆಂಗಸು ಸೀರೆಯನ್ನು ಕಂಕುಳಲ್ಲಿ ಹಿಡಿದು ಕೇಳಿದಳು, "ನಮ್ಮ ಬಸ್ಸು ಹೋತಂದ್ರ ನಿಮ್ಮ ಕಂಪ್ಯೂಟ್ರು ನಮ್ಮನ್ನ ಊರಿಗೆ ಮುಟ್ಟಸ್ತೈತೇನ್ರಿ?"

ತಂಗಿ ಮೇಜಿನ ಕೆಳಗೆ ತೂರಿ ವೈರುಗಳನ್ನು ನೋಡುತ್ತಿದ್ದಳು. ಅಲ್ಲಿಂದಲೇ ಕೇಳಿದಳು, "ಅಣ್ಣಾ, ಗಾಜು ಒರೆಸೀಯಿಲ್ಲೋ?"

"ಒರೆಸೀನಿ ಬಿಡು," ಎಂದೆ. ಎಂದ ಮೇಲೆ ಗಾಜು ನೋಡಿದೆ. ಮೂರು ಪಟ್ಟೆ ಗಾರೆಯ ಹಾಗೆ ಒಣಗಿ ಕುಳಿತಿದ್ದವು.

ಅಪ್ಪ ಗಾದಿಯಿಂದ ಎದ್ದು ಬಂದರು. "ಏನ್ ಬೇ, ಎರಡು ತಿಂಗಳು ಮಾಡಿದ್ದು ಇದನ? ಎಲ್ಲಾರ ಮುಂದ ಮರ್ಯಾದಿ ಕಳದಿ."

ಆಗ ನಾನು ಸ್ಕ್ಯಾನರನ್ನು ಟವಲಿನೊಳಗೆ ಮರೆಮಾಡಿ, ಎಂಜಲು ಹಚ್ಚಿ ತಿಕ್ಕಿದೆ. ಯಾರಾದರೂ ನೋಡಿದರೆ ಇರಲಿ ಎಂದು ಮಂತ್ರ ಹೇಳುವವನ ಹಾಗೆ ತುಟಿಯನ್ನೂ ಅಲುಗಿಸಿದೆ. ಒತ್ತಿದೆ. ಕೀಂ ಎಂದಿತು.

"ನೋಡ್ರಿ!" ಎಂದರು ಅಪ್ಪ ಇಡೀ ಸಾಲಿಗೆ. "ಓದಿದಾಕಿ ಮೇಜಿನ ಕೆಳಗ ಅದಾಳ. ಏಳನೇತ್ತಿ ಓದಿದಾಂವ ದೇವರ ಹೆಸರು ತಗೊಂಡು ಸರಿ ಮಾಡ್ಯಾನ."

ತಂಗಿ ಕೂದಲಿನ ಧೂಳು ಕೊಡವುತ್ತ ಎದ್ದಳು. ನಾನು ಟವಲನ್ನು ಹೆಗಲಿಗೆ ಹಾಕಿಕೊಂಡೆ. ನಿಜ ಹೇಳಬೇಕೆಂದರೆ, ಹೊಗಳಿಕೆ ಹಿತವಾಗಿತ್ತು.

ಮರುದಿನದಿಂದ ಕುರ್ಚಿ ನನ್ನದು, ತಂಗಿಗೆ ಹಿಂದೆ ಬ್ಲೌಸ್ ಪೀಸ್ ಮಡಚುವ ಕೆಲಸ. ನನಗೆ ಗೊತ್ತಿದ್ದದ್ದು ಒಂದೇ ಗುಂಡಿ. ಉಳಿದದ್ದಕ್ಕೆಲ್ಲ "ತಂಗೀ, ಸ್ವಲ್ಪ ಬಾ" ಎನ್ನುತ್ತಿದ್ದೆ. ಆಕೆ ಬಂದು ಎರಡು ಗುಂಡಿ ಒತ್ತಿ ಹೋಗುತ್ತಿದ್ದಳು. ಗಿರಾಕಿಗಳು ನನ್ನನ್ನು ನೋಡಿ ತಲೆದೂಗುತ್ತಿದ್ದರು.

ಸುದ್ದಿ ಬಜಾರಿಗೂ ಹರಡಿತು. ಪಕ್ಕದ ಪಾತ್ರೆ ಅಂಗಡಿಯವರು ಎಲೆಕ್ಟ್ರಾನಿಕ್ ತಕ್ಕಡಿ ಹೊತ್ತುಕೊಂಡು ಬಂದರು. "ಇಂಜಿನೇರ್ ಸಾಬ್, ಇದಕ್ಕೂ ಒಂದು ಮಂತ್ರ ಹಾಕ್ರಿ." ವೈರು ಸಡಿಲವಾಗಿತ್ತಷ್ಟೇ. ಕಣ್ಣು ಮುಚ್ಚಿ, ಉಸಿರು ಬಿಟ್ಟು, ಸಾವಕಾಶವಾಗಿ ಒತ್ತಿದೆ. ಅವರು ನನಗೆ ಚಹ ತರಿಸಿದರು. ಹಿಂದೆ ಕುಳಿತವಳಿಗೆ ಯಾರೂ ತರಿಸಲಿಲ್ಲ.

ಹಬ್ಬಕ್ಕೆ ಎರಡು ದಿನವಿರುವಾಗ ತಂಗಿ ಹೊಸ ರಟ್ಟೊಂದನ್ನು ನನ್ನ ಮುಂದೆ ಇಟ್ಟಳು. "ನಾಳೆ ಭಾಳ ಮಂದಿ ಬರ್ತಾರಣ್ಣಾ. ಕುರ್ಚಿ ಮ್ಯಾಲೆ ನೀ ಇರ್ತಿ. ಅಂಗಡಿ ನಿಲ್ಲಬಾರ್ದು." ಅದೇ ದುಂಡನೆಯ ಅಕ್ಷರ. ಒಂಬತ್ತನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಳು. ವಿಭೂತಿ ಮೆತ್ತಿದ್ದ ನನ್ನ ಟವಲನ್ನು ಒಗೆದದ್ದು ಆಕೆಯೇ ಎಂಬುದು ಆಗ ನೆನಪಾಯಿತು.

ಆಕೆ ಜಗಳವಾಡಿದ್ದರೆ ನಾನೂ ಆಡುತ್ತಿದ್ದೆ. ಕಿತ್ತುಕೊಂಡ ಕುರ್ಚಿಯನ್ನು ನಡೆಸುವುದು ಹೇಗೆಂದು ಬರೆದುಕೊಟ್ಟವಳ ಜೊತೆ ಏನು ಜಗಳವಾಡಲಿ?

ಎದ್ದು ನಿಂತೆ. ಗಾದಿಯ ಮೇಲೆ ಅಪ್ಪ, ಬಾಗಿಲಲ್ಲಿ ಪಾತ್ರೆ ಅಂಗಡಿಯವರು, ಮುಂದೆ ಏಳೆಂಟು ಗಿರಾಕಿಗಳು. ಮೆಲ್ಲಗೆ ಹೇಳಿದರೆ ತಂಗಿಗೆ ಮಾತ್ರ ಕೇಳೀತು, ಅದು ಸಾಲದು. ಅಪ್ಪ ಆಕೆಯನ್ನು ಬೈದಷ್ಟೇ ಗಟ್ಟಿಯಾಗಿ ಹೇಳಿದೆ:

"ತಂಗೀ, ತಪ್ಪಾತು. ಗಾಜಿಗೆ ವಿಭೂತಿ ಬಳದಾಂವ ನಾನು. ಒರೆಸೀನಿ ಅಂತ ಸುಳ್ಳು ಹೇಳಿದಾಂವ ನಾನು. ಕದ್ದು ಒರೆಸಿ ದೊಡ್ಡಾಂವ ಆದಾಂವನೂ ನಾನ. ನಿನ್ನ ಕೆಲಸದಾಗ ಒಂದೂ ತಪ್ಪಿದ್ದಿಲ್ಲ. ನನ್ನ ಕ್ಷಮಿಸವ್ವಾ. ಬಾ, ನಿನ್ನ ಕುರ್ಚಿ ಮ್ಯಾಲೆ ನೀ ಕುಂದ್ರು."